ಟಿಕಿ ಬಾರ್

ಟಿಕಿ ಬಾರ್ ಎಂಬುದು ರಮ್ ಆಧಾರಿತ, ಹಣ್ಣಿನ ರಸ ಮತ್ತು ಸಾಂಬಾರ ಪದಾರ್ಥಗಳ ಪಾಕದಿಂದ ಕೂಡಿದ ಮಿಶ್ರ ಮದ್ಯಗಳನ್ನು ನೀಡುವ, ಪೆಸಿಫಿಕ್ ದ್ವೀಪಗಳ ಕಲ್ಪಿತ ವಾತಾವರಣದಲ್ಲಿ ಅಲಂಕರಿಸಲ್ಪಟ್ಟ ಪಾನಗೃಹ. ಇದು 1930ರ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಇಲ್ಲಿ ಕೊಡುವ ಪಾನೀಯಗಳನ್ನು ಒಟ್ಟಾಗಿ ಟಿಕಿ ಕಾಕ್‌ಟೇಲ್‌ಗಳೆಂದು ಕರೆಯುತ್ತಾರೆ. ಮೈ ತಾಯ್, ಜಾಂಬಿ, ನೇವಿ ಗ್ರಾಗ್, ಸ್ಕಾರ್ಪಿಯನ್, ಜಂಗಲ್ ಬರ್ಡ್ ಇವುಗಳಲ್ಲಿ ಪ್ರಸಿದ್ಧವಾದವು. ಹೆಸರು ಮತ್ತು ಅಲಂಕಾರ ಪೆಸಿಫಿಕ್ ಸಾಗರದ್ದಾದರೂ ಪಾನೀಯಗಳ ಮೂಲ ಕೆರಿಬಿಯನ್ ದ್ವೀಪಗಳಲ್ಲಿದೆ. ಅದಕ್ಕೂ ಹಿಂದಿನ ಬೇರು ಭಾರತದ ಕರಾವಳಿಯ ಪಂಚ್ ಎಂಬ ಪಾನೀಯದವರೆಗೆ ಹೋಗುತ್ತದೆ.

## ಹೆಸರಿನ ಮೂಲ

ಟಿಕಿ ಎಂಬುದು ಪಾಲಿನೇಷ್ಯಾದ ಭಾಷೆಗಳ ಪದ. ನ್ಯೂಜಿಲೆಂಡಿನ ಮಾವೊರಿ ಜನರ ಪುರಾಣದಲ್ಲಿ ಟಿಕಿ ಮೊದಲ ಮಾನವನ ಹೆಸರು. ಮರ ಅಥವಾ ಕಲ್ಲಿನಲ್ಲಿ ಕೆತ್ತಿದ ಮಾನವಾಕೃತಿಗಳಿಗೂ ಮಾವೊರಿ ಮತ್ತು ಮಾರ್ಕೇಸಸ್ ದ್ವೀಪಗಳ ಜನರು ಇದೇ ಹೆಸರನ್ನು ಬಳಸುತ್ತಾರೆ. ಪೂರ್ವಜರೊಂದಿಗೆ ಮತ್ತು ಪವಿತ್ರ ಸ್ಥಳಗಳೊಂದಿಗೆ ಸಂಬಂಧ ಹೊಂದಿದ ಈ ಪದ ಅಮೆರಿಕದ ಪಾನಗೃಹಗಳಿಗೆ ಅಂಟಿಕೊಂಡದ್ದು ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ. ಆರಂಭಿಕ ಸ್ಥಾಪಕರು ತಮ್ಮ ಅಂಗಡಿಗಳನ್ನು ಟಿಕಿ ಬಾರ್‌ಗಳೆಂದು ಕರೆದುಕೊಳ್ಳುತ್ತಿರಲಿಲ್ಲ.

## ಇತಿಹಾಸ

### ಆರಂಭ

ಅಮೆರಿಕದಲ್ಲಿ 1920ರಿಂದ ಜಾರಿಯಲ್ಲಿದ್ದ ಪಾನನಿಷೇಧ 1933ರ ಡಿಸೆಂಬರ್ 5ರಂದು ಕೊನೆಗೊಂಡಿತು. ಅದೇ ಹೊತ್ತಿಗೆ ಅರ್ನೆಸ್ಟ್ ರೇಮಂಡ್ ಬೋಮಾಂಟ್ ಗ್ಯಾಂಟ್ (1907–1989) ಎಂಬಾತ ಹಾಲಿವುಡ್‌ನಲ್ಲಿ ಒಂದು ಚಿಕ್ಕ ಬಾರ್ ತೆರೆದ. ಯೌವನದಲ್ಲಿ ಕೆರಿಬಿಯನ್ ಮತ್ತು ದಕ್ಷಿಣ ಪೆಸಿಫಿಕ್ ಪ್ರದೇಶಗಳಲ್ಲಿ ಸುತ್ತಾಡಿದ್ದ ಈತ ಬಿದಿರು, ಮೀನುಬಲೆ, ಹಡಗಿನ ಅವಶೇಷಗಳಿಂದ ಅಂಗಡಿಯನ್ನು ಸಿಂಗರಿಸಿದ್ದ. ಮುಂದೆ ಇದು ಡಾನ್ ದ ಬೀಚ್‌ಕೋಂಬರ್ ಎಂದು ಹೆಸರಾಯಿತು, ಗ್ಯಾಂಟ್ ತನ್ನ ಹೆಸರನ್ನು ಡಾನ್ ಬೀಚ್ ಎಂದು ಬದಲಿಸಿಕೊಂಡ. ನಿಷೇಧ ತೆರವಾದ ಆ ದಿನಗಳಲ್ಲಿ ವಿಸ್ಕಿ ದುಬಾರಿಯಾಗಿತ್ತು, ರಮ್ ಅಗ್ಗವಾಗಿ ಸಿಗುತ್ತಿತ್ತು. ಒಂದೇ ಲೋಟದಲ್ಲಿ ಬೇರೆ ಬೇರೆ ದ್ವೀಪಗಳ ಎರಡು ಮೂರು ರಮ್‌ಗಳನ್ನು ಬೆರೆಸಿ, ಯಾವ ಒಂದು ರಮ್‌ನಲ್ಲೂ ದೊರೆಯದ ರುಚಿಯನ್ನು ಪಡೆಯುವುದು ಡಾನ್ ಬೀಚ್ ತಂದ ಹೊಸತನ. 1934ರ ಸುಮಾರಿಗೆ ರೂಪುಗೊಂಡ ಜಾಂಬಿ ಈ ವಿಧಾನದ ಅತ್ಯಂತ ಪ್ರಸಿದ್ಧ ಫಲ. ಅದರ ತೀವ್ರತೆಯ ಕಾರಣ ಒಬ್ಬ ಗ್ರಾಹಕನಿಗೆ ಎರಡಕ್ಕಿಂತ ಹೆಚ್ಚು ಕೊಡಬಾರದೆಂಬ ನಿಯಮವಿತ್ತು.

ಡಾನ್ ಬೀಚ್ ಎರಡನೆಯ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದಾಗ ವ್ಯವಹಾರವನ್ನು ನಡೆಸಿ, ಹಲವು ನಗರಗಳಿಗೆ ವಿಸ್ತರಿಸಿದವರು ಆತನ ಪತ್ನಿಯಾಗಿದ್ದ ಸನ್ನಿ ಸಂಡ್. ವಿವಾಹ ವಿಚ್ಛೇದನದ ಬಳಿಕ ಸಂಸ್ಥೆ ಆಕೆಯ ಕೈಯಲ್ಲಿ ಉಳಿಯಿತು, ಡಾನ್ ಬೀಚ್ ಹವಾಯಿಗೆ ತೆರಳಿ ಅಲ್ಲಿ ಹೊಸದಾಗಿ ಆರಂಭಿಸಿದ.

ವಿಕ್ಟರ್ ಜೂಲ್ಸ್ ಬರ್ಜೆರಾನ್ (1902–1984) ಈ ಪರಂಪರೆಯ ಎರಡನೆಯ ಸ್ಥಾಪಕ. ಈತ 1934ರಲ್ಲಿ ಓಕ್‌ಲ್ಯಾಂಡ್ ನಗರದಲ್ಲಿ ಹಿಂಕಿ ಡಿಂಕ್ಸ್ ಎಂಬ ಉಪಾಹಾರಗೃಹ ತೆರೆದ. ಡಾನ್ ಬೀಚ್‌ನ ಬಾರನ್ನು ನೋಡಿದ ನಂತರ ತನ್ನ ಅಂಗಡಿಯನ್ನೂ ಅದೇ ಮಾದರಿಗೆ ಬದಲಿಸಿ ಟ್ರೇಡರ್ ವಿಕ್ಸ್ ಎಂದು ಹೆಸರಿಟ್ಟ. 1944ರಲ್ಲಿ ಆತ ಸಿದ್ಧಪಡಿಸಿದ ಮೈ ತಾಯ್ ಟಿಕಿ ಕಾಕ್‌ಟೇಲ್‌ಗಳಲ್ಲೆಲ್ಲ ಹೆಚ್ಚು ಪ್ರಚಾರ ಪಡೆಯಿತು. ಟಹೀಟಿಯಿಂದ ಬಂದಿದ್ದ ಸ್ನೇಹಿತರಿಗೆ ಇದನ್ನು ಮೊದಲು ಕೊಟ್ಟಾಗ ಅವರು ‘ಒಳ್ಳೆಯದು’ ಎಂಬ ಅರ್ಥದ ಟಹೀಟಿಯ ಪದವನ್ನು ಉದ್ಗರಿಸಿದರೆಂದೂ ಅದೇ ಪಾನೀಯದ ಹೆಸರಾಯಿತೆಂದೂ ಬರ್ಜೆರಾನ್ ಹೇಳುತ್ತಿದ್ದ. ಇದು ತನ್ನ ಪಾನೀಯವೊಂದರ ಅನುಕರಣೆ ಎಂಬುದು ಡಾನ್ ಬೀಚ್‌ನ ವಾದವಾಗಿತ್ತು.

### ಯುದ್ಧಾನಂತರದ ಪ್ರಸಾರ

ಪೆಸಿಫಿಕ್ ಯುದ್ಧರಂಗದಿಂದ ಮರಳಿದ ಸೈನಿಕರು, ಜೇಮ್ಸ್ ಮಿಚೆನರ್ ಅವರ ದಕ್ಷಿಣ ಪೆಸಿಫಿಕ್ ಕಥೆಗಳು (1947), ಅವುಗಳನ್ನು ಆಧರಿಸಿದ ಸಂಗೀತ ನಾಟಕ (1949), ಥಾರ್ ಹೆಯರ್‌ಡಾಲ್ ಅವರ ಕಾನ್-ಟಿಕಿ ತೆಪ್ಪದ ಯಾನ (1947), 1959ರಲ್ಲಿ ಹವಾಯಿಗೆ ದೊರೆತ ರಾಜ್ಯದ ಸ್ಥಾನ ಇವೆಲ್ಲ ಸೇರಿ ಅಮೆರಿಕದ ಜನರಲ್ಲಿ ದ್ವೀಪಗಳ ಬಗೆಗೆ ಕುತೂಹಲ ಬೆಳೆಸಿದವು. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನಲ್ಲಿ ಹಳೆಯ ಈಜುಕೊಳದ ಸುತ್ತ ಟೋಂಗಾ ರೂಮ್ (1945) ಆರಂಭವಾಯಿತು. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಮೈ-ಕೈ (1956) ತೆರೆಯಿತು. ಹೊನೊಲುಲುವಿನ ಹೋಟೆಲೊಂದರಲ್ಲಿ ಹ್ಯಾರಿ ಯೀ 1957ರಲ್ಲಿ ಬ್ಲೂ ಹವಾಯಿ ಎಂಬ ನೀಲಿ ಬಣ್ಣದ ಪಾನೀಯವನ್ನು ರೂಪಿಸಿದರು. ದೊಡ್ಡ ಹೋಟೆಲುಗಳ ಮೂಲಕ ಟ್ರೇಡರ್ ವಿಕ್ಸ್ ಶಾಖೆಗಳು ಹೊರದೇಶಗಳಿಗೂ ಹಬ್ಬಿದವು. ಲಂಡನ್ನಿನ ಶಾಖೆ 1963ರಲ್ಲಿ ಆರಂಭವಾಯಿತು. ಮಲೇಷ್ಯಾದ ಕ್ವಾಲಾಲಂಪುರದ ಹಿಲ್ಟನ್ ಹೋಟೆಲಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಜಂಗಲ್ ಬರ್ಡ್, ಏಷ್ಯಾ ಖಂಡ ಈ ಪರಂಪರೆಗೆ ಕೊಟ್ಟ ಪ್ರಮುಖ ಕೊಡುಗೆ.

### ಅವನತಿ ಮತ್ತು ಪುನರುಜ್ಜೀವನ

1970ರ ದಶಕದಲ್ಲಿ ಅಭಿರುಚಿ ಬದಲಾಯಿತು. ತಾಜಾ ರಸಕ್ಕೆ ಬದಲಾಗಿ ಡಬ್ಬಿಯ ರಸ, ಮನೆಯಲ್ಲಿ ಕಾಯಿಸಿದ ಪಾಕಕ್ಕೆ ಬದಲಾಗಿ ಬಣ್ಣದ ಸಿದ್ಧ ಮಿಶ್ರಣಗಳು ಬಂದವು. ಹೆಸರು ಮಾತ್ರ ಉಳಿದು ಪಾನೀಯ ಸವೆಯಿತು. ಇದಕ್ಕೆ ಇನ್ನೊಂದು ಕಾರಣ ಮೂಲ ಪಾಕವಿಧಾನಗಳ ಗೋಪ್ಯತೆ. ಸ್ಪರ್ಧಿಗಳಿಗೆ ಹೆದರಿದ ಡಾನ್ ಬೀಚ್ ತನ್ನ ಸೀಸೆಗಳಿಗೆ ‘ಡಾನ್ಸ್ ಮಿಕ್ಸ್’, ‘ಸ್ಪೈಸಸ್ ಸಂಖ್ಯೆ 4’ ಮುಂತಾದ ಸಂಕೇತನಾಮಗಳನ್ನು ಮಾತ್ರ ಹಚ್ಚಿಸುತ್ತಿದ್ದ. ಪಾನೀಯ ಬೆರೆಸುವ ಕೆಲಸಗಾರರಿಗೂ ಸೀಸೆಯೊಳಗೆ ಏನಿದೆ ಎಂಬುದು ತಿಳಿಯುತ್ತಿರಲಿಲ್ಲ. ಬಾರ್‌ಗಳು ಮುಚ್ಚಿದಾಗ ವಿಧಾನಗಳೂ ಮರೆಯಾದವು.

ಲೇಖಕ ಜೆಫ್ ಬೆರಿ ಹಳೆಯ ಕೆಲಸಗಾರರನ್ನು ಹುಡುಕಿ, ಅವರ ಟಿಪ್ಪಣಿ ಪುಸ್ತಕಗಳ ಸಂಕೇತಗಳನ್ನು ಬಿಡಿಸಿ, 1998ರಿಂದ ಪುಸ್ತಕಗಳ ಮೂಲಕ ಪ್ರಕಟಿಸಿದರು. ಜಾಂಬಿಯ 1934ರ ವಿಧಾನ ದೊರೆತದ್ದು ಡಾನ್ ದ ಬೀಚ್‌ಕೋಂಬರ್‌ನಲ್ಲಿ ಕೆಲಸ ಮಾಡಿದ್ದ ಡಿಕ್ ಸ್ಯಾಂಟಿಯಾಗೊ ಅವರ ಕಿಸೆ ಪುಸ್ತಕದಿಂದ. ಅವರ ಮಗಳು ಅದನ್ನು ಕಾಪಾಡಿಟ್ಟಿದ್ದರು. ಅದರಲ್ಲಿದ್ದ ‘ಡಾನ್ಸ್ ಮಿಕ್ಸ್’ ಎಂಬುದು ದ್ರಾಕ್ಷಿಹಣ್ಣಿನದೆಂದು ಹೆಸರು ಕೇಳಿ ಭಾವಿಸಬಹುದಾದ, ವಾಸ್ತವವಾಗಿ ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟ್‌ನ ಎರಡು ಪಾಲು ರಸ ಮತ್ತು ಒಂದು ಪಾಲು ದಾಲ್ಚಿನ್ನಿ ಪಾಕದ ಮಿಶ್ರಣವೆಂದು ಕಂಡುಬಂದಿತು. ಈ ವಿಧಾನ 2007ರಲ್ಲಿ ಪ್ರಕಟವಾಯಿತು. ಸ್ವೆನ್ ಕಿರ್ಸ್ಟನ್ ಅವರ ಟಿಕಿ ಕುರಿತ ಗ್ರಂಥ (2000), ಮಾರ್ಟಿನ್ ಕೇಟ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ಸ್ಮಗ್ಲರ್ಸ್ ಕೋವ್ (2009), ನ್ಯೂ ಆರ್ಲಿಯನ್ಸ್‌ನಲ್ಲಿ ಬೆರಿ ಅವರೇ ತೆರೆದ ಲ್ಯಾಟಿಟ್ಯೂಡ್ 29 (2014) ಪುನರುಜ್ಜೀವನದ ಮುಖ್ಯ ಘಟ್ಟಗಳು.

## ಫಿಲಿಪಿನೊ ಕೆಲಸಗಾರರು

ಆರಂಭಿಕ ಟಿಕಿ ಬಾರ್‌ಗಳ ಹಿಂಬದಿಯಲ್ಲಿ ನಿಂತು ಪಾನೀಯ ತಯಾರಿಸುತ್ತಿದ್ದವರಲ್ಲಿ ಬಹುಪಾಲು ಜನ ಫಿಲಿಪೀನ್ಸ್‌ನಿಂದ ವಲಸೆ ಬಂದವರು. ಗ್ರಾಹಕರ ಮುಂದೆ ಸ್ಥಾಪಕನ ಹೆಸರು ಮೆರೆಯುತ್ತಿದ್ದರೆ, ಅಳತೆ, ವೇಗ ಮತ್ತು ನೆನಪು ಈ ಕೆಲಸಗಾರರದ್ದಾಗಿತ್ತು. ಅವರಲ್ಲಿ ಒಬ್ಬರಾದ ರೇ ಬ್ಯೂಹೆನ್ 1930ರ ದಶಕದಲ್ಲಿ ಡಾನ್ ಬೀಚ್‌ನ ಬಳಿ ದುಡಿದು, 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟಿಕಿ-ಟಿ ಎಂಬ ಸ್ವಂತ ಬಾರ್ ತೆರೆದರು. ಅತಿ ಕಿರಿದಾದ ಈ ಬಾರನ್ನು ಅವರ ನಂತರವೂ ಕುಟುಂಬದವರೇ ನಡೆಸಿಕೊಂಡು ಬಂದರು. ಸ್ಥಾಪಕರ ಗೋಪ್ಯತೆಯಿಂದ ಕಳೆದುಹೋಗಲಿದ್ದ ಜ್ಞಾನ ಉಳಿದದ್ದು ಕೆಲಸಗಾರರ ಕೈಬರಹದ ಟಿಪ್ಪಣಿಗಳಲ್ಲಿ ಎಂಬುದನ್ನು ಇತ್ತೀಚಿನ ಬರಹಗಳು ಗುರುತಿಸುತ್ತವೆ.

## ಪಾನೀಯಗಳ ರಚನೆ

ಟಿಕಿ ಕಾಕ್‌ಟೇಲ್‌ನ ಅಸ್ಥಿಪಂಜರ ಕೆರಿಬಿಯನ್ನಿನ ಪ್ಲಾಂಟರ್ಸ್ ಪಂಚ್. ಹುಳಿ, ಸಿಹಿ, ಮದ್ಯ, ನೀರು ಈ ನಾಲ್ಕು ಅಂಶಗಳ ಸಮತೋಲನವೇ ಅದರ ಮೂಲಸೂತ್ರ. ಇದಕ್ಕೆ ಐದನೆಯದಾಗಿ ಸಾಂಬಾರ ಸೇರುತ್ತದೆ. ಮುಖ್ಯ ಘಟಕಗಳು ಹೀಗಿವೆ:

* ರಮ್: ಕಬ್ಬಿನ ಕಾಕಂಬಿ ಅಥವಾ ರಸವನ್ನು ಹುದುಗಿಸಿ ಬಟ್ಟಿ ಇಳಿಸಿದ ಮದ್ಯ. ಜಮೈಕಾದ ರಮ್ ಗಾಢ ಪರಿಮಳಕ್ಕೆ, ಗಯಾನಾದ ಡೆಮೆರಾರಾ ರಮ್ ಹೊಗೆಯಾಡಿದ ಸಿಹಿಗೆ, ಪೋರ್ಟೊ ರಿಕೊದ ರಮ್ ಹಗುರತನಕ್ಕೆ ಹೆಸರಾಗಿವೆ.
* ನಿಂಬೆಯ ರಸ: ಹಿಂಡಿದ ದಿನವೇ ಬಳಸಬೇಕಾದದ್ದು. ಹಳಸಿದ ರಸದಲ್ಲಿ ಕಹಿ ಮೂಡುತ್ತದೆ.
* ಆರ್ಜಾ: ಬಾದಾಮಿ ಹಾಲು, ಸಕ್ಕರೆ ಮತ್ತು ಕಿತ್ತಳೆ ಹೂವಿನ ನೀರಿನಿಂದ ಮಾಡಿದ ಪಾಕ. ಮೈ ತಾಯ್‌ಗೆ ಇದು ಅನಿವಾರ್ಯ.
* ಫಲರ್ನಮ್: ಬಾರ್ಬಡೋಸ್ ದ್ವೀಪದ, ನಿಂಬೆ ಸಿಪ್ಪೆ, ಲವಂಗ ಮತ್ತು ಶುಂಠಿಯ ಪಾಕ.
* ಮಂಜುಗಡ್ಡೆ: ಪುಡಿಮಾಡಿದ ಮಂಜು ಪಾನೀಯವನ್ನು ತಂಪಾಗಿಸುವುದರ ಜೊತೆಗೆ ಬೇಕಾದಷ್ಟು ನೀರನ್ನೂ ಸೇರಿಸುತ್ತದೆ. ಯಂತ್ರದಲ್ಲಿ ಕೆಲವೇ ಕ್ಷಣ ತಿರುಗಿಸುವ ಪದ್ಧತಿ ಡಾನ್ ಬೀಚ್‌ನ ಕಾಲದ್ದು.

1944ರ ಮೈ ತಾಯ್‌ನಲ್ಲಿ ಸುಮಾರು 60 ಮಿ.ಲೀ. ಹದವಾಗಿ ಮಾಗಿದ ಜಮೈಕಾದ ರಮ್, ಒಂದು ನಿಂಬೆಯ ರಸ, 15 ಮಿ.ಲೀ. ಕಿತ್ತಳೆಯ ಕ್ಯುರಸಾವೊ, ಸ್ವಲ್ಪ ಆರ್ಜಾ ಮತ್ತು ಕಲ್ಲುಸಕ್ಕರೆಯ ಪಾಕ ಮಾತ್ರ ಇದ್ದವು. ಅನಾನಸ್ ರಸ ಸೇರಿದ್ದು ಪಾನೀಯ 1953ರಲ್ಲಿ ಹವಾಯಿಗೆ ಹೋದ ಮೇಲೆ.

## ಗುಣಮಟ್ಟದ ಬಾರನ್ನು ಗುರುತಿಸುವ ಲಕ್ಷಣಗಳು

ಅಲಂಕಾರ ಗುಣಮಟ್ಟಕ್ಕೆ ಸಾಕ್ಷಿಯಾಗಲಾರದು. ಕೆತ್ತಿದ ಮುಖವಾಡ, ಕಾಗದದ ಕೊಡೆ, ಬಣ್ಣದ ದೀಪಗಳು ಯಾವ ಅಂಗಡಿಯಲ್ಲೂ ಸಿಗುತ್ತವೆ. ಪರಿಣತರು ಸಾಮಾನ್ಯವಾಗಿ ಈ ಅಂಶಗಳನ್ನು ಗಮನಿಸುತ್ತಾರೆ:

* ಮೈ ತಾಯ್‌ನ ಬಣ್ಣ. ಸರಿಯಾಗಿ ತಯಾರಿಸಿದ್ದು ಜೇನಿನ ಅಥವಾ ತಿಳಿ ಕಂದು ಬಣ್ಣದಲ್ಲಿರುತ್ತದೆ. ಕೆಂಪು ಅಥವಾ ಗುಲಾಬಿ ಬಣ್ಣ ಸಿದ್ಧ ಮಿಶ್ರಣದ ಇಲ್ಲವೇ ದಾಳಿಂಬೆ ಪಾಕದ ಸೂಚನೆ.
* ರಮ್‌ಗಳ ವೈವಿಧ್ಯ. ಕನಿಷ್ಠ ಮೂರು ನಾಲ್ಕು ಪ್ರದೇಶಗಳ ರಮ್ ಇಲ್ಲದ ಕಡೆ ಹಳೆಯ ವಿಧಾನಗಳನ್ನು ಅನುಸರಿಸುವುದು ಕಷ್ಟ.
* ಕಣ್ಣೆದುರೇ ಹಿಂಡಿದ ನಿಂಬೆ, ಬಾರ್‌ನಲ್ಲೇ ಕಾಯಿಸಿದ ಪಾಕಗಳು.
* ಅಳತೆಯ ಬಟ್ಟಲಿನ ಬಳಕೆ. ಏಳೆಂಟು ಘಟಕಗಳ ಪಾನೀಯದಲ್ಲಿ ಕಣ್ಣಳತೆ ನಡೆಯದು.
* ತೀವ್ರತೆಯ ಬಗೆಗೆ ಪಟ್ಟಿಯಲ್ಲಿ ಎಚ್ಚರಿಕೆ, ಮತ್ತು ಪ್ರಬಲ ಪಾನೀಯಗಳಿಗೆ ಮಿತಿ.

ಕೊನೆಯ ಅಂಶಕ್ಕೆ ವಿಶೇಷ ಮಹತ್ತ್ವವಿದೆ. ಹಣ್ಣಿನ ರಸ, ಸಕ್ಕರೆ ಮತ್ತು ಮಂಜು ಮದ್ಯದ ಕಟುತ್ವವನ್ನು ಮುಚ್ಚುತ್ತವೆ. 1934ರ ಜಾಂಬಿಯಲ್ಲಿ ಸಾಧಾರಣ ಶಕ್ತಿಯ 90 ಮಿ.ಲೀ. ರಮ್ ಜೊತೆಗೆ ಶೇ. 75.5ರಷ್ಟು ಆಲ್ಕೊಹಾಲ್ ಇರುವ 30 ಮಿ.ಲೀ. ರಮ್ ಇದೆ. ಭಾರತದಲ್ಲಿ ಸಾಮಾನ್ಯವಾದ ಶೇ. 42.8ರ ಮದ್ಯದ 30 ಮಿ.ಲೀ.ನ ಸಣ್ಣ ಪೆಗ್‌ಗೆ ಹೋಲಿಸಿದರೆ ಇದು ಸುಮಾರು ನಾಲ್ಕೂವರೆ ಪೆಗ್‌ಗೆ ಸಮ. ಮೈ ತಾಯ್ ಎರಡು ಪೆಗ್‌ಗಿಂತ ತುಸು ಹೆಚ್ಚು. ಕುಡಿಯುವವನಿಗೆ ನಾಲಿಗೆಯ ಮೂಲಕ ಈ ಪ್ರಮಾಣ ತಿಳಿಯುವುದಿಲ್ಲವಾದ್ದರಿಂದ ಅದನ್ನು ಹೇಳುವ ಹೊಣೆ ಬಾರ್‌ನ ಮೇಲಿದೆ. ಭಾರತದ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಇರುವಾಗ ವಾಹನ ಚಲಾಯಿಸುವುದು ಅಪರಾಧ. ಜಾಂಬಿಯ ಒಂದೇ ಲೋಟ ಸಾಮಾನ್ಯವಾಗಿ ಈ ಮಿತಿಯನ್ನು ದಾಟಿಸುತ್ತದೆ.

## ಭಾರತದೊಂದಿಗಿನ ಸಂಬಂಧ

ಪಂಚ್ ಎಂಬ ಪಾನೀಯದ ಹೆಸರು ಇಂಗ್ಲಿಷ್ ದಾಖಲೆಗಳಲ್ಲಿ ಮೊದಲು ಕಾಣಿಸುವುದು 1632ರಲ್ಲಿ, ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ ಪತ್ರದಲ್ಲಿ. ಮದ್ಯ, ಸಕ್ಕರೆ, ನಿಂಬೆ, ನೀರು, ಸಾಂಬಾರ ಎಂಬ ಐದು ಘಟಕಗಳಿಂದಾಗಿ ‘ಪಂಚ’ ಎಂಬ ಸಂಖ್ಯಾವಾಚಕದಿಂದ ಈ ಹೆಸರು ಬಂದಿತೆಂಬುದು ಪ್ರಚಲಿತ ವಿವರಣೆ. ಎಲ್ಲ ನಿಘಂಟುಕಾರರೂ ಇದನ್ನು ಒಪ್ಪಿಲ್ಲ. ಆಗ ಬಳಸುತ್ತಿದ್ದ ಮದ್ಯ ಅರಕ್. ಗೋವಾದಲ್ಲಿ ತೆಂಗಿನ ಸೇಂದಿಯಿಂದ ಅದನ್ನು ಬಟ್ಟಿ ಇಳಿಸುತ್ತಿದ್ದರು. ಹಡಗುಗಳ ಮೂಲಕ ಪಂಚ್ ಇಂಗ್ಲೆಂಡಿಗೂ ಅಲ್ಲಿಂದ ಕೆರಿಬಿಯನ್ ತೋಟಗಳಿಗೂ ಹೋಯಿತು. ಅಲ್ಲಿ ಅರಕ್‌ನ ಜಾಗಕ್ಕೆ ಗುಲಾಮರ ದುಡಿಮೆಯಿಂದ ಬೆಳೆದ ಕಬ್ಬಿನ ರಮ್ ಬಂದಿತು. ಮದ್ಯವೊಂದನ್ನು ಬಿಟ್ಟರೆ ಬೆಲ್ಲ, ನಿಂಬೆ, ನೀರು, ಶುಂಠಿ, ಏಲಕ್ಕಿಗಳ ಕನ್ನಡನಾಡಿನ ಪಾನಕವೂ ಇದೇ ರಚನೆಯದು.

ಭಾರತದಲ್ಲಿ ಕಾಕಂಬಿಯಿಂದ ತಯಾರಾಗುವ ರಮ್‌ಗೆ ವಿಶಾಲ ಮಾರುಕಟ್ಟೆ ಇದೆ. ಮೋಹನ್ ಮೀಕಿನ್ ಸಂಸ್ಥೆಯ ಓಲ್ಡ್ ಮಾಂಕ್ 1954ರಿಂದ ಮಾರಾಟದಲ್ಲಿದೆ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ ತನ್ನ ಟೂ ಇಂಡೀಸ್ ರಮ್‌ನಲ್ಲಿ ಬೆಲ್ಲದಿಂದ ಇಳಿಸಿದ ಭಾರತದ ರಮ್ ಮತ್ತು ಕೆರಿಬಿಯನ್ ರಮ್‌ಗಳನ್ನು ಬೆರೆಸುತ್ತದೆ. ಹಲವು ಪ್ರದೇಶಗಳ ರಮ್‌ಗಳನ್ನು ಕೂಡಿಸುವ ಈ ಕ್ರಮ ಟಿಕಿ ಪರಂಪರೆಯ ಮೂಲತತ್ತ್ವಕ್ಕೆ ಹತ್ತಿರವಾದುದು.

## ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಮದ್ಯ ಮಾರಾಟವನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಯಂತ್ರಿಸುತ್ತದೆ. ಈ ಕಾಯ್ದೆಯಡಿ ರೂಪಿಸಿದ ಸನ್ನದು ನಿಯಮಗಳ ಪ್ರಕಾರ 21 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯ ಮಾರುವಂತಿಲ್ಲ. ಸಿಎಲ್-2 ಸನ್ನದು ಹೊಂದಿದ ಅಂಗಡಿಗಳಿಂದ ಸೀಸೆಯನ್ನು ಕೊಂಡೊಯ್ಯಬಹುದು, ಅಲ್ಲೇ ಕುಡಿಯುವಂತಿಲ್ಲ. ಬಾರ್ ಮತ್ತು ರೆಸ್ಟೋರೆಂಟ್‌ಗಳು ಸಿಎಲ್-9, ವಸತಿಗೃಹಗಳು ಸಿಎಲ್-7, ಕ್ಲಬ್‌ಗಳು ಸಿಎಲ್-4 ಸನ್ನದಿನಡಿ ನಡೆಯುತ್ತವೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳಿಗೆ ಸಿಎಲ್-11ಸಿ ಸನ್ನದು ಇದೆ. ಗ್ರಾಮೀಣ ಭಾಗದ ಅಗ್ಗದ ಮದ್ಯವಾಗಿದ್ದ ಸಾರಾಯಿಯ ಮಾರಾಟ 2007ರ ಜುಲೈ 1ರಿಂದ ನಿಷೇಧಕ್ಕೊಳಗಾಯಿತು. ಸಾರಾಯಿಯಿಂದ ಕುಟುಂಬಗಳು ಹಾಳಾಗುತ್ತಿವೆ ಎಂದು ಹಳ್ಳಿಯ ಮಹಿಳೆಯರು ಬಹುಕಾಲ ನಡೆಸಿದ ಹೋರಾಟಗಳು ಇದರ ಹಿನ್ನೆಲೆಯಲ್ಲಿದ್ದವು.

ಕಾಕ್‌ಟೇಲ್ ಸಂಸ್ಕೃತಿ ಮುಖ್ಯವಾಗಿ ಬೆಂಗಳೂರಿಗೆ ಸೀಮಿತವಾಗಿದೆ. 1980ರ ದಶಕದಿಂದ ಪಬ್‌ಗಳಿಗೆ, 2010ರ ನಂತರ ಸ್ವಂತ ಬಿಯರ್ ತಯಾರಿಸುವ ಘಟಕಗಳಿಗೆ ಹೆಸರಾದ ಈ ನಗರದಲ್ಲಿ ಕುಶಲ ಕಾಕ್‌ಟೇಲ್ ಬಾರ್‌ಗಳು ತಡವಾಗಿ ಬೆಳೆದವು. ಫೋರ್ ಸೀಸನ್ಸ್ ಹೋಟೆಲಿನ ಕೋಪಿಟಾಸ್ ಮತ್ತು ಲೀಲಾ ಪ್ಯಾಲೇಸ್ ಹೋಟೆಲಿನ ಜಡ್‌ಎಲ್‌ಬಿ 23 ಏಷ್ಯಾದ ಐವತ್ತು ಉತ್ತಮ ಬಾರ್‌ಗಳ ವಾರ್ಷಿಕ ಪಟ್ಟಿಯಲ್ಲಿ ಸ್ಥಾನ ಪಡೆದಿವೆ. ಇವು ಟಿಕಿ ಬಾರ್‌ಗಳಲ್ಲ. ಇಂತಹ ಕುಶಲ ಬಾರ್‌ಗಳಲ್ಲಿ ಮೈ ತಾಯ್, ಜಂಗಲ್ ಬರ್ಡ್ ಮೊದಲಾದವು ಕೇಳಿ ಪಡೆಯಬಹುದಾದ ಪಾನೀಯಗಳ ಸಾಲಿಗೆ ಸೇರುತ್ತವೆ. ಆಮದು ಮದ್ಯದ ಮೇಲೆ ಬಹುಕಾಲ ಒಟ್ಟು ಶೇ. 150ರಷ್ಟು ಸೀಮಾಸುಂಕವಿದ್ದುದರಿಂದ ಹಲವು ದ್ವೀಪಗಳ ರಮ್‌ಗಳನ್ನು ಒಂದೆಡೆ ಇಡುವುದು ದುಬಾರಿಯಾಗಿದೆ.

ರಾಜ್ಯದ ಇತರ ಭಾಗಗಳಲ್ಲಿ ಸ್ಥಿತಿ ಬೇರೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಮತ್ತು ಮೋಕದಂತಹ ಹೋಬಳಿ ಕೇಂದ್ರಗಳ ಬಾರ್‌ಗಳಲ್ಲಿ ಸೀಸೆಯ ಮದ್ಯವನ್ನು ನೀರು ಅಥವಾ ಸೋಡಾದೊಂದಿಗೆ ಕೊಡುವುದೇ ರೂಢಿ. ಮಿಶ್ರ ಮದ್ಯಗಳಿಗೆ ಬೇಕಾದ ತರಬೇತಿ ಪಡೆದ ಕೆಲಸಗಾರರಿಗೂ ಆಮದು ರಮ್‌ಗೂ ಅಲ್ಲಿ ಮಾರುಕಟ್ಟೆ ಇಲ್ಲ.

ಆದರೆ ಮದ್ಯವನ್ನು ಹೊರತುಪಡಿಸಿದ ಘಟಕಗಳ ದೃಷ್ಟಿಯಿಂದ ಕರ್ನಾಟಕ ಸಮೃದ್ಧವಾಗಿದೆ. ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಬಾರ್ಬಡೋಸ್‌ನಲ್ಲಿ ಹುಟ್ಟಿದ ಹಣ್ಣು. ಅದರ ಮಾತೃಫಲವಾದ ಚಕ್ಕೋತದ ದೇವನಹಳ್ಳಿ ತಳಿಗೂ ಕೊಡಗಿನ ಕಿತ್ತಳೆಗೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಲವಂಗ, ಶುಂಠಿ, ಜಾಯಿಕಾಯಿ, ಬೆಲ್ಲ ರಾಜ್ಯದಲ್ಲೇ ಸಿಗುತ್ತವೆ. ನಿಂಬೆ, ಚಕ್ಕೋತ, ಬಾದಾಮಿ ಪಾಕ ಮತ್ತು ಪುಡಿಮಂಜಿನಿಂದ ಮದ್ಯರಹಿತ ಟಿಕಿ ಪಾನೀಯಗಳನ್ನೂ ತಯಾರಿಸಬಹುದು.

## ಟೀಕೆ

ಟಿಕಿ ಬಾರ್‌ಗಳ ಪಾಲಿನೇಷ್ಯಾ ಅಮೆರಿಕದ ಕಲ್ಪನೆಯ ಸೃಷ್ಟಿ. ಆ ದ್ವೀಪಗಳಲ್ಲಿ ಇಂತಹ ಪಾನೀಯಗಳೂ ಇಂತಹ ಬಾರ್‌ಗಳೂ ಇರಲಿಲ್ಲ. ಪವಿತ್ರ ಆಕೃತಿಗಳನ್ನು ಲೋಟಗಳನ್ನಾಗಿ ಮಾಡುವುದು, ಮಹಿಳೆಯರನ್ನು ಅಲಂಕಾರದ ವಸ್ತುಗಳಂತೆ ಚಿತ್ರಿಸುವುದು ಪೆಸಿಫಿಕ್ ದ್ವೀಪವಾಸಿಗಳ ಆಕ್ಷೇಪಕ್ಕೆ ಕಾರಣವಾಗಿದೆ. ಅಮೆರಿಕದ ನಗರಗಳಲ್ಲಿ ಟಿಕಿ ಬಾರ್‌ಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲೇ, 1946ರಿಂದ 1958ರವರೆಗೆ, ಅದೇ ದೇಶ ಪೆಸಿಫಿಕ್‌ನ ಬಿಕಿನಿ ಹವಳದ್ವೀಪದಲ್ಲಿ 23 ಪರಮಾಣು ಪರೀಕ್ಷೆಗಳನ್ನು ನಡೆಸಿತು. ಅಲ್ಲಿನ ನಿವಾಸಿಗಳು ನೆಲೆ ಕಳೆದುಕೊಂಡರು. ರಜೆಯ ಸ್ವರ್ಗವೆಂದು ಮಾರಿದ ಚಿತ್ರಕ್ಕೂ ದ್ವೀಪಗಳ ವಾಸ್ತವಕ್ಕೂ ಇದ್ದ ಈ ಅಂತರವನ್ನು ವಿಮರ್ಶಕರು ಎತ್ತಿ ತೋರಿಸುತ್ತಾರೆ.

ಈ ಚರ್ಚೆಯ ಪರಿಣಾಮವಾಗಿ ಕೆಲವು ಬಾರ್‌ಗಳು ಟಿಕಿ ಎಂಬ ಹೆಸರನ್ನೂ ಕೆತ್ತನೆಯ ಆಕೃತಿಗಳನ್ನೂ ಕೈಬಿಟ್ಟು ‘ಉಷ್ಣವಲಯದ ಪಾನೀಯಗಳು’ ಎಂಬ ಹೆಸರನ್ನು ಆಯ್ದುಕೊಂಡಿವೆ. ಪಾಕವಿಧಾನಗಳು ಕೆರಿಬಿಯನ್ ಮೂಲದವಾದ್ದರಿಂದ ಹೆಸರು ಬಿಟ್ಟರೂ ಪಾನೀಯಕ್ಕೆ ಕೊರತೆಯಾಗದು ಎಂಬುದು ಅವರ ನಿಲುವು. ಅಲಂಕಾರವೂ ಪರಂಪರೆಯ ಭಾಗವೇ, ಪೆಸಿಫಿಕ್ ಮೂಲದ ಕಲಾವಿದರನ್ನು ತೊಡಗಿಸಿಕೊಂಡು ಅದನ್ನು ಗೌರವಯುತವಾಗಿ ಮುಂದುವರಿಸಬೇಕು ಎಂಬುದು ಇನ್ನು ಕೆಲವರ ಅಭಿಪ್ರಾಯ.